ಅಪ್ಪನ ತಲೆಯ ಮೇಲಿನ ಅಂಗೈ

ಹುಡುಗ ಮುಂದೆ ಎಂಥ ಆಟಗಾರನಾದಾನು ಎಂದು ಹೇಳಲು ನಮ್ಮ ಶಹಾಬಾದಿನ ಹಾಕಿ ಉಸ್ತಾದನಿಗೆ ಹುಡುಗನ ಆಟವೊಂದೇ ಸಾಲುತ್ತಿರಲಿಲ್ಲ, ಅವನ ಅಪ್ಪನೂ ಬೇಕಿತ್ತು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಹೊಸತು. ಕಲ್ಲಿನ ಸಾಹುಕಾರನೊಬ್ಬ ತಂಡ ಕಟ್ಟಿ, ಹುಡುಗರನ್ನು ಆರಿಸಲು ಈ ಉಸ್ತಾದನನ್ನು ಇಟ್ಟುಕೊಂಡಿದ್ದ. ತಂಡಕ್ಕೆ ಸೇರಿದವನಿಗೆ ವಾಡಿಯ ಅವನ ಡಿಪೋದಲ್ಲಿ ನೆರಳಿನ ಕೆಲಸ. ಸೇರದವನಿಗೆ ಭಂಕೂರಿನ ಕಲ್ಲಿನ ಗಣಿ ಇದ್ದೇ ಇತ್ತು. ಗಣಿ ನನ್ನಪ್ಪನನ್ನು ಏನು ಮಾಡಿತ್ತೆಂದು ದಿನಾ ಕಾಣುತ್ತಿದ್ದೆ. ಹಾಗಾಗಿ ಜೀವ ಬಿಟ್ಟು ಆಡಿದೆ.

"ಕೈ ಚಲೋ ಅದ ಬೇಟಾ," ಎಂದ ಉಸ್ತಾದ. "ಖರೇ ನೀ ಗಿಡ್ಡ ಅದಿ. ಮುಂದ ಬೆಳೀತಿಯೋ ಇಲ್ಲೋ ನೋಡಬೇಕು. ನಿಮ್ಮಪ್ಪಗ ಕರ್ಕೊಂಡು ಬಾ."

ಸಂತೆಯಲ್ಲಿ ಕರು ಕೊಳ್ಳುವವರು ಅದರ ತಾಯಿಯನ್ನು ಕೇಳಿ ನೋಡುತ್ತಾರೆ. ಈತ ಅದನ್ನೇ ಮೈದಾನಕ್ಕೆ ತಂದಿದ್ದ. ಜನ ಅದನ್ನು ದೊಡ್ಡ ವಿದ್ಯೆ ಎಂದು ಹೊಗಳುತ್ತಿದ್ದರು.

ಅಪ್ಪನ ಬೆನ್ನು ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಹೊತ್ತು ಬಾಗಿಹೋಗಿತ್ತು. ಮದುವೆಯಾದ ಹೊಸದರಲ್ಲಿ ಅವನು ತಲೆ ತಗ್ಗಿಸದೆ ನಮ್ಮ ಬಾಗಿಲು ದಾಟಲಾಗುತ್ತಿರಲಿಲ್ಲವಂತೆ. ಅದನ್ನು ಉಸ್ತಾದನಿಗೆ ಹೇಳಿರೆಂದು ಅವ್ವ ಗಂಟುಬಿದ್ದಳು.

"ಬೆನ್ನಿನ ಮಾತು ತೆಗದ್ರ ರೋಗಿಷ್ಟ ವಂಶ ಅಂತಾರ," ಎಂದ ಅಪ್ಪ. "ಆಮ್ಯಾಲ ಪೋರಗ ಯಾರು ತಗೋತಾರ? ಸುಮ್ನ ನೆಟ್ಟಗ ನಿಂದರ್ತೀನಿ."

ಒಗೆದ ಧೋತರ ಉಟ್ಟು, ರುಮಾಲನ್ನು ಎಂದಿಗಿಂತ ಎತ್ತರಕ್ಕೆ ಸುತ್ತಿಕೊಂಡು ಬಂದ. ಮೈದಾನದಲ್ಲಿ ಅಪ್ಪಂದಿರು ಸಾಲಾಗಿ ನಿಂತಿದ್ದರು. ನನ್ನಪ್ಪ ಹಲ್ಲು ಕಚ್ಚಿ ಬೆನ್ನು ಎತ್ತಲು ನೋಡಿದ. ಕುತ್ತಿಗೆಯ ನರ ಉಬ್ಬಿದವು, ಬೆನ್ನು ಏಳಲಿಲ್ಲ. ಉಸ್ತಾದ ರುಮಾಲು ತೆಗೆಯಲು ಹೇಳಿದ. ನಾಲ್ಕು ಜನರ ಎದುರು ನಮ್ಮ ಕಡೆಯ ಗಂಡಸು ರುಮಾಲು ತೆಗೆಯುವುದಿಲ್ಲ. ಅಪ್ಪ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

ಉಸ್ತಾದ ಆ ಬೋಳು ತಲೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದ. "ಪೋರ ಇಷ್ಟೇ ಬೆಳೀತಾನ," ಎಂದು ಮುಂದಿನವನ ಕಡೆ ಹೋದ.

ಬೆನ್ನು ಯಾಕೆ ಹೀಗಾಯಿತೆಂದು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನ ಸಾಹುಕಾರ ತಂಡ ಕಟ್ಟಿದ್ದೇ ಅಂಥ ಬೆನ್ನುಗಳ ದುಡಿಮೆಯಿಂದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಣಿಗೆ ಹೋದೆ. ಅಲ್ಲಿಯೇ ಬೆಳೆದೆ, ಯಾರಿಗೂ ಬೇಡವಾದ ಬೆಳವಣಿಗೆ. ಅವ್ವ ಅಂಗಿಯ ತೋಳಿಗೆ ಬಟ್ಟೆ ಕೂಡಿಸುತ್ತಲೇ ಇದ್ದಳು. ಥೇಟ್ ವಯಸ್ಸಿನಲ್ಲಿದ್ದಾಗಿನ ಅಪ್ಪನ ಹಾಗೆಯೇ ಆದೆನೆಂದು ಗಣಿಯ ಹಿರಿಯರು ಮೆಚ್ಚಿ ಮಾತಾಡುವರು. ಅಪ್ಪ ಮಾತ್ರ ನಾನು ಎದ್ದು ನಿಂತರೆ ಬೇರೆ ಕಡೆ ನೋಡುತ್ತಿದ್ದ. ಮಗನ ದಾರಿಗೆ ತನ್ನ ಮೈಯೇ ಅಡ್ಡಬಂತೆಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಕೆಲವು ವರ್ಷಗಳಾದ ಮೇಲೆ ಅದೇ ಮೈದಾನದ ಅಂಚಿಗೆ ಫರಸಿ ಹಾಸಲು ನಮ್ಮಿಬ್ಬರನ್ನೂ ಕರೆಸಿದರು. ಉಸ್ತಾದ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. ಗುರುತು ಹತ್ತಲಿಲ್ಲ.

"ಭಾಳ ಎತ್ತರ ಅದಿಯಲ್ಲೋ," ಎಂದ. "ಸಣ್ಣಾಂವ ಇದ್ದಾಗ ನನ್ನ ಕಡಿ ಯಾಕ ಬರಲಿಲ್ಲ? ನಿಮ್ಮಪ್ಪ ಯಾರು?"

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಬಾಗಿ ಕಲ್ಲು ಕೂಡಿಸುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದ:

"ಅವಗ ಅಪ್ಪ ಇಲ್ರಿ."