ಬತ್ತಲಗುಂಡಿನಲ್ಲಿ ಕಂಡ ಮೇಷ್ಟ್ರು

ಎತ್ತು ಬದಲಾಯಿಸಲು ತಮಿಳು ಸೀಮೆಯ ಬತ್ತಲಗುಂಡಿನಲ್ಲಿ ಗಾಡಿ ನಿಂತಿತ್ತು. ನನ್ನ ಕೈಯಲ್ಲಿ ಸ್ಕಾಟ್ಲೆಂಡಿನ ಐತಿಹಾಸಿಕ ಕಾದಂಬರಿಕಾರನೊಬ್ಬನ ಪುಸ್ತಕವಿತ್ತು. ಅದನ್ನು ಕಂಡು ಮಜ್ಜಿಗೆ ಮಾರುತ್ತಿದ್ದ ಮುದುಕರೊಬ್ಬರು ನನ್ನ ಮಾತಿನ ಧಾಟಿ ಗುರುತಿಸಿ ಕನ್ನಡದಲ್ಲೇ ಮಾತಿಗಿಳಿದರು. ಅವರು ತೇವಾರಂ ಎಂಬ ಊರಿನಲ್ಲಿ ಮೇಷ್ಟ್ರಾಗಿದ್ದವರು. ಆ ಕಾದಂಬರಿಕಾರನ ಪದ್ಯ, ಕಾದಂಬರಿಗಳನ್ನೆಲ್ಲ ಓದಿದ್ದರು.

"ಅವ ಮುದುಕೀರ ಬಾಯಿಂದ ಹಳೇ ಹಾಡು ಕೇಳಿ ಬರ್ದ. ನಾನೂ ನಮ್ಮವ್ವನ ಕೇಳಿ ಬರ್ದೆ ಸಾಮಿ. ನಮ್ಮ ಜನ ಹಸ ಹೊಡ್ಕಂಡು ಈ ಸೀಮೆಗೆ ಬಂದ ಹಾಡು."

ಆ ಪುಸ್ತಕಗಳನ್ನು ಓದಲು ಕೊಟ್ಟಿದ್ದ ಇಂಗ್ಲಿಷ್ ದೊರೆಯೇ ಇವರು ಬರೆದದ್ದನ್ನು ನೋಡುತ್ತೇನೆಂದು ಇಟ್ಟುಕೊಂಡನಂತೆ. ವರ್ಷದ ಮೇಲೆ ಹೋಗಿ ಕೇಳಿದರೆ, "ಯಾವ ನೋಟ್‌ಬುಕ್ಕು?" ಎಂದನಂತೆ. ಅಷ್ಟರಲ್ಲಿ ತಾಯಿಯೂ ತೀರಿಕೊಂಡಿದ್ದರು.

"ಒಂದು ಹಾಡಾದರೂ ಹೇಳಿ," ಎಂದೆ.

"ಬರ್ದಾಯ್ತಲ್ಲ ಅಂತ ನಾನು ಮನಸಲ್ಲಿ ಇಟ್ಕಳ್ಳಿಲ್ಲ ಸಾಮಿ."