ಎಡಗೈ ನನ್ನದು, ಕತ್ತಿ ಅವರದು

ನಮ್ಮ ಯಜಮಾನರಿಗೆ ಎಡಗಡೆ ಲಕ್ವ ಹೊಡೆದಾಗ ಮಾತು ಉಳಿಯಿತು, ಕಾಲು ಕೋಲಿನ ಆಸರೆಯಲ್ಲಿ ಹೇಗೋ ಸುಧಾರಿಸಿತು. ಎಡಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನಮ್ಮೂರ ಪಕ್ಕದ ಕರೂರಿನ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ಎರಡೂ ಕೈ ಆಡಿಸಿ ಬದುಕಿದವರು ಅವರು. ಆ ಕೈ ಬರದಿದ್ದರೆ ಮತ್ತೆ ಅಲ್ಲಿ ನಿಲ್ಲುವಂತಿರಲಿಲ್ಲ. ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಸಿಟ್ಟಿನಿಂದ ಗೋಡೆಗೆ ಎಸೆದರು.

ಹರಿಹರದಲ್ಲಿರುವ ಮಗಳು ಬಂದಾಗ ತನ್ನ ವಿಡಿಯೋ ಗೇಮನ್ನು ನಮ್ಮ ಟಿವಿಗೆ ಜೋಡಿಸಿಟ್ಟಳು. ಕಡಲುಗಳ್ಳರ ಆಟ. ತಲೆಗೆ ಕೆಂಪು ಬಟ್ಟೆ ಕಟ್ಟಿದ ನಾಯಕ ಹಗ್ಗ ಹಿಡಿದು ಹಡಗಿನಿಂದ ಹಡಗಿಗೆ ಹಾರುತ್ತಾನೆ, ಎದುರು ಬಂದವರ ಜೊತೆ ಕತ್ತಿವರಸೆ ಆಡುತ್ತಾನೆ. ಆಟದ ರಿಮೋಟಿನಲ್ಲಿ ಅವನನ್ನು ನಡೆಸುವ ಗುಂಡಿ ಎಡ ಹೆಬ್ಬೆರಳಿಗೆ, ಕತ್ತಿ ಬೀಸುವ ಗುಂಡಿಗಳು ಬಲಗೈಗೆ.

"ಅಪ್ಪ ಹೊಡೀಲಿ, ನೀನ್ ನಡೆಸಮ್ಮ" ಎಂದಳು.

ನನಗ್ಯಾಕೆ ಬೇಕಿತ್ತು ಈ ಉಸಾಬರಿ! ಆದರೆ ಈ ಮನುಷ್ಯ ಹಾಸಿಗೆ ಬಿಟ್ಟು ಎದ್ದು ಕೂತದ್ದೇ ಆ ಆಟಕ್ಕೆ. ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿ, ಒಂದೇ ರಿಮೋಟನ್ನು ಇಬ್ಬರೂ ಹಿಡಿದು ಕೂರತೊಡಗಿದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಡಹಗಲೇ ಭುಜಕ್ಕೆ ಭುಜ ತಾಗಿಸಿ ಕೂತದ್ದು ಅದೇ ಮೊದಲು.

ನನಗೋ ಕತ್ತಿ ಕಂಡರೆ ಜೀವ ಹೋಗುತ್ತಿತ್ತು. ಶತ್ರು ಬಂದೊಡನೆ ನಾಯಕನನ್ನು ಹಿಂದಕ್ಕೆ ಓಡಿಸುತ್ತಿದ್ದೆ. ಇವರ ಕತ್ತಿ ಬರಿಗಾಳಿಯಲ್ಲಿ ಬೀಸುತ್ತಿತ್ತು.

"ಹಿಂದಕ್ ಯಾಕ ಹೋಗ್ತೀಯೇ? ಮುಂದಕ್ ನಡಿ!"

"ಅಂವ ಕಡಿಯಾಕ್ ಬರ್ತಾನ್ರಿ!"

"ಕಡಿಯಾಕ್ ಬಂದ ಅಂತ ಓಡಿದ್ರೆ ಆಟ ಹೆಂಗೆ ಮುಗೀತೈತೆ?"

ಒಂದು ಸೇತುವೆಯ ಮೇಲೆ ದೊಡ್ಡ ಗಡ್ಡದ ಕಾವಲುಗಾರ ನಿಂತಿರುತ್ತಿದ್ದ. ದಿನಾ ಅಲ್ಲಿಯವರೆಗೆ ಹೋಗಿ ಸಾಯುತ್ತಿದ್ದೆವು. ಇವರು ನನ್ನನ್ನು ಬೈಯುತ್ತಿದ್ದರು, ನಾನು ತಿರುಗಿ ಬೈಯುತ್ತಿದ್ದೆ. ಅಷ್ಟಾದ ಮೇಲೆ ಇಬ್ಬರೂ ಮಂಡಕ್ಕಿ ತಿನ್ನುತ್ತಿದ್ದೆವು.

ಇವರ ಕೈ ಬರಲೆಂದು ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹರಕೆ ಹೊತ್ತಿದ್ದೆ. ಅಮಾವಾಸ್ಯೆಯ ದಿನ ಪಕ್ಕದ ಮನೆಯವರಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದೆ. ಬರುವುದು ಸಂಜೆಯಾಗುತ್ತದೆ ಎಂದು ಹೋದವಳು, ದರ್ಶನ ಬೇಗ ಆಗಿ ಮಧ್ಯಾಹ್ನಕ್ಕೇ ಬಂದುಬಿಟ್ಟೆ. ಒಳಗೆ ಕತ್ತಿಗಳ ಖಣಖಣ ಕೇಳುತ್ತಿತ್ತು. ಮಗಳು ಬಂದಿರಬೇಕು ಎಂದು ಕಿಟಕಿಯಲ್ಲಿ ಇಣುಕಿದೆ.

ಇವರೊಬ್ಬರೇ ಕೂತಿದ್ದರು. ಎಡ ಹೆಬ್ಬೆರಳು ನಡುಗುತ್ತಾ ಗುಂಡಿಯನ್ನು ತಳ್ಳುತ್ತಿತ್ತು. ನಾಯಕ ಕುಡಿದವನ ಹಾಗೆ ಓಲಾಡುತ್ತಿದ್ದ, ಆದರೆ ನಡೆಯುತ್ತಿದ್ದ. ಸೇತುವೆ ದಾಟಿ ಎಷ್ಟೋ ಮುಂದೆ ಹೋಗಿದ್ದ. ಕಿಟಕಿಯ ಸರಳು ಹಿಡಿದು ನಿಂತಲ್ಲೇ ನನಗೆ ಅಳು ಬಂತು.

ಕಣ್ಣೊರೆಸಿಕೊಂಡು ಬಾಗಿಲು ತೆರೆದೆ. ಸದ್ದು ಕೇಳಿದ್ದೇ ತಡ, ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು.

"ಬಂದ್ಯಾ? ಬಾ, ಕೂಡು. ನೀನಿಲ್ದೆ ಒಂದ್ ಹೆಜ್ಜೆ ಮುಂದಕ್ ಹೋಗ್ಲಿಲ್ಲ ನೋಡು."

ಇಷ್ಟು ದೊಡ್ಡ ಸುಳ್ಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಜ್ಜಯ್ಯನ ವಿಭೂತಿಯನ್ನು ಅವರ ಹಣೆಗೆ ಹಚ್ಚಿ ಪಕ್ಕದಲ್ಲಿ ಕೂತೆ. ಆ ಕೈಯನ್ನು ಮಡಿಲಿನಿಂದ ಎತ್ತಿ ಗುಂಡಿಯ ಮೇಲಿಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ.

"ಕೈ ಬಂದ್ರೂ ನಾನು ಇಲ್ಲೇ ಕೂಡ್ತೀನ್ರಿ" ಎಂದೆ. "ನಡೆಸ್ರಿ."