ಹೆಸರು ಕೇಳದ ಮಜ್ಜಿಗೆ

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವ ಲಾರಿಯವರಿಗೆಲ್ಲ ಶಾಂತಮಲ್ಲಪ್ಪನವರ ಮಜ್ಜಿಗೆ ಗೊತ್ತು. ಶಿವರಾತ್ರಿಯ ಮಾರನೆಯ ದಿನ ರಸ್ತೆ ಬದಿಯ ಹುಣಸೆಮರದಡಿ ಅರವಟಿಗೆ ಏಳುತ್ತದೆ. ಮಳೆ ಬೀಳುವವರೆಗೆ ದಾರಿಹೋಕರಿಗೆ ಪುಕ್ಕಟೆ ಮಜ್ಜಿಗೆ. ಮೂರು ತಲೆಮಾರಿನ ಪದ್ಧತಿ. ಅದಕ್ಕೆ ಒಂದೇ ಕಟ್ಟಳೆ: ಬಾಯಾರಿ ಬಂದವರ ಹೆಸರು ಕೇಳಬಾರದು.

ಮಜ್ಜಿಗೆ ಕಡೆಯುವವಳು ಅವರ ಹೆಂಡತಿ ಶಿವರುದ್ರಮ್ಮ. ಕುದೇರಿನಿಂದ ಸೊಸೆಯಾಗಿ ಬಂದ ವರ್ಷವೇ ಅತ್ತೆ ಕಡೆಗೋಲಿನ ಹಗ್ಗ ಕೈಗಿಟ್ಟು, "ಇದು ನಮ್ಮನೆ ಧರ್ಮ ಕಣಮ್ಮಿ" ಅಂದಿದ್ದರು. ಮೂವತ್ತೆಂಟು ಬೇಸಿಗೆಗಳಾದವು. ಕೋಳಿ ಕೂಗುವ ಮುಂಚೆ ಎದ್ದು ನಾಲ್ಕು ಗಡಿಗೆ ಮೊಸರು ಕಡೆಯಬೇಕು, ಶುಂಠಿ ಮೆಣಸಿನಕಾಯಿ ಜಜ್ಜಬೇಕು, ಸಂಜೆ ಗಡಿಗೆಗಳನ್ನು ಹುಳಿ ವಾಸನೆ ಹೋಗುವ ತನಕ ತಿಕ್ಕಿ ಮತ್ತೆ ಹೆಪ್ಪು ಹಾಕಬೇಕು. ಈಗ ತುರುಬು ಕಟ್ಟಲೂ ಬಲಭುಜ ಏಳುವುದಿಲ್ಲ. ಗಂಡ ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟು, ಕಲ್ಲುಬೆಂಚಿನ ಮೇಲೆ ಕೂತು ಲೋಟಕ್ಕೆ ಬಗ್ಗಿಸುತ್ತಾರೆ. ಪುಣ್ಯವಂತರು ಅನ್ನುತ್ತದೆ ಜನ.

ಒಳ್ಳೆಯವರೇ. ದನಿ ಎತ್ತಿದವರಲ್ಲ. ಹಳೆಯದನ್ನು ಬಿಡಬಾರದು, ಅದರ ನೆಪದಲ್ಲಿ ಯಾರನ್ನೂ ನೋಯಿಸಲೂಬಾರದು ಅನ್ನುವವರು. ನೀರು ಹೊತ್ತು ತರುವ ರಾಚಮ್ಮನ ಬೊಗಸೆಗೆ ಮಾತ್ರ ಮೊಳದೆತ್ತರದಿಂದ ಹೊಯ್ಯುತ್ತಿದ್ದರು, ನಗುನಗುತ್ತಲೇ. ಅವಳ ಹೆಸರು ಕೇಳಬೇಕಾಗಿರಲಿಲ್ಲ, ಊರಿಗೇ ಗೊತ್ತಿತ್ತು. ಶಿವರುದ್ರಮ್ಮ ಅದನ್ನು ಕಂಡೂ ಗಡಿಗೆ ತಿಕ್ಕುತ್ತಿದ್ದಳು.

ಈ ವರ್ಷ ಮೈದುನನ ಮಗ ಮೃತ್ಯುಂಜಯ ಹುಣಸೆಮರಕ್ಕೆ ತನ್ನ ಫೋಟೋ ಇರುವ ಫ್ಲೆಕ್ಸ್ ಕಟ್ಟಿದ. ಜೊತೆಗೆ ನಾಲ್ಕು ಜನ ಗೆಳೆಯರು. ಒಂದು ಮಧ್ಯಾಹ್ನ ಶಿವರುದ್ರಮ್ಮ ಇನ್ನೊಂದು ಗಡಿಗೆ ಹೊತ್ತು ಬರುವ ಹೊತ್ತಿಗೆ ಕೇರಳದ ಮುದಿ ಡ್ರೈವರ್ ಲಾರಿ ನಿಲ್ಲಿಸಿದ್ದ. ಹನ್ನೆರಡು ವರ್ಷದಿಂದ ನಿಲ್ಲಿಸುವವನು. ಅವಳನ್ನು ಕಂಡು, "ಅಮ್ಮಾ, ಮೋರು!" ಎಂದು ಮಜ್ಜಿಗೆಗೆ ಕೈ ಚಾಚಿದ.

"ನಿನ್ ಹೆಸ್ರೇನ್ಲಾ?" ಅಂದ ಮೃತ್ಯುಂಜಯ.

"ಮೊಯ್ದು."

ಹನ್ನೆರಡು ಬೇಸಿಗೆಯಲ್ಲಿ ಆ ಹೆಸರು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

"ನಿಮ್ ಸಾಬ್ರ ಓಟ್ಲು ಮುಂದದೆ, ಅಲ್ಲಿಗೋಗು. ಇದು ಶಿವನ ಮಜ್ಗೆ."

ಗೆಳೆಯರು ನಕ್ಕರು. ಶಿವರುದ್ರಮ್ಮ ಗಂಡನನ್ನು ನೋಡಿದಳು. ಅವರ ಕೈಯಲ್ಲಿ ತುಂಬಿದ ಲೋಟ. "ಕುಡೀರಿ" ಅಂದಿದ್ದರೆ ಸಾಕಿತ್ತು. ಅವರು ಲೋಟವನ್ನು ಹಲಗೆಯ ಮೇಲಿಟ್ಟು, ಹೆಗಲ ವಸ್ತ್ರ ಸರಿಮಾಡಿಕೊಂಡರು.

"ಪರವಾ ಇಲ್ಲ ಅಮ್ಮಾ," ಎಂದು ಮೊಯ್ದು ಲಾರಿ ಹತ್ತಿದ.

ಸಂಜೆ ಅವಳು ಕೇಳಿದಳು: "ಯಾಕೆ ಸುಮ್ಕಿದ್ರಿ?"

"ಬೀದೀಲಿ ನಮ್ಮ ಹೈದನ್ನ ಬಯ್ಯಕಾದದಾ? ಮನೆ ಮಾನ ಅನ್ನೋದೊಂದದೆ. ಬುಡು, ಒಂದ್ ಲೋಟ ಮಜ್ಗೆಗೆ..."

"ಹೆಸ್ರು ಕೇಳ್ದೆ ಕೊಡೋದಾದ್ರೆ ಆ ಹೈದನ್ಗೆ ಹೇಳಿ, ಕಡೀತೀನಿ. ಇಲ್ದಿದ್ರೆ ನಾಳೆಯಿಂದ ನನ್ನ ಕೈ ಏಳಲ್ಲ."

ಅವರು ಪಂಚಾಂಗ ತಿರುವಿದರು.

ಬೆಳಿಗ್ಗೆ ಕಡೆಗೋಲಿನ ಹಗ್ಗ ಗೂಟದಲ್ಲೇ ತೂಗುತ್ತಿತ್ತು. ಬಿಂದಿಗೆ ಹೊತ್ತು ಬಂದ ರಾಚಮ್ಮ, "ಹಂಗಾರೆ ನೀರೂ ಬ್ಯಾಡ್ವಾ ಅವ್ವಾ? ನಿಮ್ ಸಿಟ್ಗೆ ನನ್ ಕೂಲಿ ಓಯ್ತು ಅನ್ನಿ," ಎಂದು ಹಿಂದಿರುಗಿದಳು. ಶಿವರುದ್ರಮ್ಮ ಅವಳು ಮರೆಯಾಗುವ ತನಕ ನೋಡಿ, ಒಳಗೆ ಬಂದು ಕೂತಳು. ಮಜ್ಜಿಗೆ ಇಲ್ಲದೆ ಅರವಟಿಗೆ ನಡೆಯದು, ಗಂಡ ಬಾಯಿಬಿಡಲೇಬೇಕು ಎಂದು ಕಾದಳು.

ಒಂಬತ್ತು ಗಂಟೆಗೆ ಮೃತ್ಯುಂಜಯ ಪೇಟೆಯಿಂದ ಎರಡು ಕ್ರೇಟು ಪ್ಯಾಕೆಟ್ ಮಜ್ಜಿಗೆ ಬೈಕಿನಲ್ಲಿ ತಂದಿಳಿಸಿದ. "ದೊಡ್ಡವ್ವಾ, ನೀನು ರೆಸ್ಟ್ ತಕೊ. ಎಷ್ಟ್ ಸಲೀಸು ನೋಡು!" ಶಾಂತಮಲ್ಲಪ್ಪ ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟು, ಎಂದಿನಂತೆ ಬೆಂಚಿಗೆ ಹೋದರು.

ಮಧ್ಯಾಹ್ನ ಊಟದ ಕೊನೆಯಲ್ಲಿ ಅವರು ಲೋಟ ಮುಂದೆ ಹಿಡಿದರು. ಅವಳು ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನಿಂತಳು.

"ನಿಮ್ಮ ಹೆಸ್ರೇನು?"

ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಅವರು ನಕ್ಕರು. "ಏನಮ್ಮಿ ಇದು, ತಮಾಸೆ?"

"ಹೇಳಿ. ಹೆಸ್ರು ಕೇಳಿ ಕೊಡೋದೇ ತಾನೆ ಈಗ ಪದ್ಧತಿ?"

ನಗು ಇಳಿಯಿತು. ಹೊರಗೆ ಅರವಟಿಗೆಯಲ್ಲಿ ಮೃತ್ಯುಂಜಯ ಯಾರನ್ನೋ ಕೂಗಿ ತಡೆಯುತ್ತಿದ್ದ. ತಟ್ಟೆಯ ಅನ್ನ ಆರುತ್ತಿತ್ತು. ಅವರು ಹೆಸರನ್ನೂ ಹೇಳಲಿಲ್ಲ, ಲೋಟವನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.